ಹಿತ್ತಲಿಗೆ ವಿಷ ಹೊಡೆಯದೆ ಚಿಗಟ ಓಡಿಸಿದ್ದು

ಹೋದ ವರ್ಷ ಚೌತಿ ಕಳೆದ ಮೇಲೆ ಶುರುವಾಯಿತು. ನಮ್ಮದು ಸಾಗರದ ಹತ್ತಿರ ಹಳ್ಳಿಮನೆ. ಮುಂದೆ ಅಡಿಕೆ ಒಣಗಿಸುವ ಅಂಗಳ, ಪಕ್ಕದಲ್ಲಿ ಕೊಟ್ಟಿಗೆ, ಹಿಂದೆ ಕಟ್ಟಿಗೆ ಮನೆ, ಅದರಾಚೆ ಹಿತ್ತಲು. ನಾಯಿಗಳು ಎರಡು, ಕರಿಯ ಮತ್ತು ಗೌರಿ, ಎರಡೂ ಊರುನಾಯಿಗಳೇ. ಕರಿಯ ರಾತ್ರಿಯೆಲ್ಲಾ ಮೈ ಕೆರೆದುಕೊಳ್ಳುವುದು, ಅದರ ಕಾಲು ಜಗಲಿಗೆ ಬಡಿದು ದಡದಡ ಸದ್ದು, ನಮಗೆ ನಿದ್ದೆ ಇಲ್ಲ. ನೋಡನೋಡುತ್ತಾ ಬಾಲದ ಬುಡದಲ್ಲಿ ಕೂದಲೆಲ್ಲ ಹೋಗಿ ಚರ್ಮ ಕೆಂಪಾಯಿತು.

ನಾನು ಉಣ್ಣೆ ಅಂದುಕೊಂಡೆ. ನಮ್ಮ ಕಡೆ ಮೈ ಕೆರೆದುಕೊಂಡರೆ ಎಲ್ಲರ ಬಾಯಲ್ಲೂ ಮೊದಲು ಬರುವುದು ಉಣ್ಣೆಯೇ. ಹಸುಗಳ ಉಣ್ಣೆಗೆ ತಂದಿಟ್ಟಿದ್ದ ಡೆಲ್ಟಾಮೆಥ್ರಿನ್ ಬಾಟಲಿ ಕೊಟ್ಟಿಗೆಯ ಮಾಡಿನಲ್ಲಿತ್ತು. ಪಂಪಿಗೆ ಹಾಕಿ ಅಂಗಳ, ಹಿತ್ತಲು, ಕಟ್ಟಿಗೆ ಮನೆ ಎಲ್ಲಾ ಕಡೆ ಹೊಡೆದೆ. ಅಳತೆ ಗಿಳತೆ ಏನೂ ಇಲ್ಲ, ಜಾಸ್ತಿ ಹಾಕಿದರೆ ಜಾಸ್ತಿ ಸಾಯುತ್ತವೆ ಅನ್ನುವ ಲೆಕ್ಕ. ನಾಯಿಗಳನ್ನು ಕಟ್ಟಿಹಾಕಿದ್ದೆ, ಅಷ್ಟು ಬುದ್ಧಿ ಇತ್ತು. ಬೆಕ್ಕಿನ ನೆನಪೇ ಬರಲಿಲ್ಲ.

ಪಕ್ಕದ ಮನೆಯ ಬೆಕ್ಕು ದಿನಾ ನಮ್ಮ ಕಟ್ಟಿಗೆ ರಾಶಿಯ ಮೇಲೆ ಮಲಗುತ್ತದೆ. ಮರುದಿನ ಬೆಳಗ್ಗೆ ನೋಡಿದರೆ ಮೈ ಗಡಗಡ ನಡುಗುತ್ತಿದೆ, ಬಾಯಲ್ಲಿ ಜೊಲ್ಲು. ಎತ್ತಿಕೊಂಡು ಡಾಕ್ಟರ ಹತ್ತಿರ ಓಡಿದೆವು. ಸೋಪಿನ ನೀರಲ್ಲಿ ತೊಳೆದು, ಡ್ರಿಪ್ ಕೊಟ್ಟು, ಎರಡು ದಿನ ಇಟ್ಟುಕೊಂಡರು. ಉಳಿಯಿತು. ಹೆಸರಿನ ಕೊನೆಯಲ್ಲಿ ‘ಥ್ರಿನ್’ ಅಂತ ಬರುವ ಔಷಧಿಗಳನ್ನು, ಪರ್ಮೆಥ್ರಿನ್, ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್ ಇಂಥವನ್ನು, ಬೆಕ್ಕಿನ ಯಕೃತ್ತಿಗೆ ಸರಿಯಾಗಿ ಕರಗಿಸಿ ಹೊರಹಾಕಲು ಆಗುವುದಿಲ್ಲವಂತೆ. ನಾಯಿ ತಡೆದುಕೊಳ್ಳುವಷ್ಟು ಪ್ರಮಾಣ ಬೆಕ್ಕನ್ನು ಕೊಲ್ಲಬಹುದು. ಮೀನಿಗೂ ಜೇನಿಗೂ ಅದೇ ಗತಿ. ನಮ್ಮ ಹಿತ್ತಲಿನಲ್ಲಿ ಎರಡು ತುಡುವೆ ಜೇನಿನ ಪೆಟ್ಟಿಗೆ ಇವೆ, ಅವು ಬದುಕಿದ್ದು ನನ್ನ ಪುಣ್ಯ.

ಮತ್ತೆ ಚಿಗಟ? ನಾಲ್ಕೇ ದಿನಕ್ಕೆ ವಾಪಸ್.

ಬೆಕ್ಕನ್ನು ಕರೆತರಲು ಹೋದಾಗ ಕರಿಯನನ್ನೂ ಕರೆದೊಯ್ದಿದ್ದೆ. ಡಾಕ್ಟರು ಬಾಲದ ಬುಡದಲ್ಲಿ ಬಾಚಿ, ಉದುರಿದ ಕರಿ ಪುಡಿಯನ್ನು ಒದ್ದೆ ಬಿಳಿ ಹತ್ತಿಯ ಮೇಲೆ ಹಾಕಿದರು. ಸ್ವಲ್ಪ ಹೊತ್ತಿಗೆ ಸುತ್ತಲೂ ಕೆಂಪು ಕಂದು ಬಣ್ಣ ಹರಡಿತು. ಅದು ಮಣ್ಣಲ್ಲ, ಚಿಗಟದ ಹಿಕ್ಕೆ, ಅಂದರೆ ಒಣಗಿದ ರಕ್ತ. ಉಣ್ಣೆ ಬೀಜದ ಹಾಗೆ ಕಚ್ಚಿಕೊಂಡು ಕೂರುತ್ತದೆ, ಚಿಗಟ ಕೂದಲ ಸಂದಿಯಲ್ಲಿ ಓಡುತ್ತದೆ, ಹಾರುತ್ತದೆ. ಇಷ್ಟು ವರ್ಷ ನಾಯಿ ಸಾಕಿ ಇದೂ ಗೊತ್ತಿರಲಿಲ್ಲ ಅಂತ ನಾಚಿಕೆಯಾಯಿತು.

ಅವತ್ತು ತಿಳಿದ ಇನ್ನೊಂದು ವಿಷಯ ನನ್ನ ಯೋಚನೆಯನ್ನೇ ತಿರುಗಿಸಿತು. ನಾಯಿಯ ಮೈಮೇಲೆ ಕಾಣುವ ದೊಡ್ಡ ಚಿಗಟಗಳು ಒಟ್ಟು ಲೆಕ್ಕದಲ್ಲಿ ನೂರಕ್ಕೆ ಸುಮಾರು 5 ಮಾತ್ರ. ಉಳಿದ 95 ಮೊಟ್ಟೆ, ಮರಿಹುಳ, ಗೂಡು ಆಗಿ ನೆಲದಲ್ಲಿರುತ್ತವೆ. ಒಂದು ಹೆಣ್ಣು ದಿನಕ್ಕೆ 40ರಿಂದ 50 ಮೊಟ್ಟೆ ಇಡುತ್ತದೆ. ಮೊಟ್ಟೆ ಅಂಟಿಕೊಳ್ಳುವುದಿಲ್ಲ, ನಾಯಿ ಎಲ್ಲಿ ಮಲಗುತ್ತದೋ ಅಲ್ಲಿ ಉದುರುತ್ತದೆ. ಮರಿಹುಳಕ್ಕೆ ಬಿಸಿಲು ಆಗುವುದಿಲ್ಲ, ತೇವ ಇಲ್ಲದ ಜಾಗದಲ್ಲಿ ಒಣಗಿ ಸಾಯುತ್ತದೆ. ಅದು ತಿನ್ನುವುದು ಮೇಲಿಂದ ಉದುರುವ ಆ ರಕ್ತದ ಪುಡಿಯನ್ನೇ. ಆಮೇಲೆ ಅಂಟಂಟು ಗೂಡು ಕಟ್ಟಿಕೊಂಡು, ಮೇಲೆ ಮಣ್ಣು ಮೆತ್ತಿಕೊಂಡು ಕೂರುತ್ತದೆ. ಆ ಗೂಡಿನೊಳಗೆ ಯಾವ ಔಷಧಿಯೂ ಸರಿಯಾಗಿ ಇಳಿಯುವುದಿಲ್ಲ. ಹೊರಗೆ ಕಾಲಿನ ಸದ್ದು, ಮೈಯ ಬಿಸಿ, ಉಸಿರು ತಾಗುವವರೆಗೂ ತಿಂಗಳುಗಟ್ಟಲೆ ಕಾಯಬಲ್ಲದು.

ಹಾಗಾದರೆ ನಾನು ಅರ್ಧ ಎಕರೆಗೆ ಹೊಡೆದಿದ್ದು ಯಾಕೆ? ಬಿಸಿಲು ಬೀಳುವ ಅಂಗಳದಲ್ಲಿ ಚಿಗಟ ಇರಲೇ ಇಲ್ಲ. ಸುಮ್ನೆ ಮಣ್ಣಿಗೆ ವಿಷ ಕುಡಿಸಿದ ಹಾಗಾಯಿತು.

ಎಲ್ಲಿವೆ ಅಂತ ಹುಡುಕಲು ಬಿಳಿ ಕಾಲುಚೀಲವನ್ನು ಮೊಣಕಾಲಿನವರೆಗೆ ಎಳೆದುಕೊಂಡು ಮನೆ ಸುತ್ತಲೂ ನಿಧಾನ ನಡೆದೆ. ಒಂದೊಂದು ಜಾಗದಲ್ಲಿ ಎರಡು ನಿಮಿಷ ನಿಂತು, ಕಾಲುಚೀಲಕ್ಕೆ ಹಾರಿದ ಚಿಗಟ ಎಣಿಸಿದೆ. ಅಂಗಳದಲ್ಲಿ ಸೊನ್ನೆ. ದಾಸವಾಳದ ಬೇಲಿ ಕೆಳಗೆ ಕರಿಯ ತೋಡಿಕೊಂಡಿದ್ದ ಗುಂಡಿಯಲ್ಲಿ 11. ದರಗಿನ, ಅಂದರೆ ಒಣಗಿ ಉದುರಿದ ಎಲೆಯ, ರಾಶಿ ಹತ್ತಿರ 6. ಕಟ್ಟಿಗೆ ಮನೆಯಲ್ಲಿ, ಹಳೆ ಗೋಣಿಚೀಲ ಹಾಸಿದ್ದ ಮೂಲೆಯಲ್ಲಿ, ಎಣಿಸಲು ಆಗಲಿಲ್ಲ, ಓಡಿಬಂದೆ. ಮೂರೇ ಜಾಗ. ಎಲ್ಲ ಸೇರಿದರೆ ಒಂದು ಕೋಣೆಯಷ್ಟು ನೆಲವೂ ಇಲ್ಲ.

ಮೊದಲು ನಾಯಿಗಳು. ಇದನ್ನು ಬಿಟ್ಟು ಅಂಗಳದಲ್ಲಿ ಎಷ್ಟು ಒದ್ದಾಡಿದರೂ ಪ್ರಯೋಜನವಿಲ್ಲ. ಕರಿಯನಿಗೆ ತೂಕ ನೋಡಿ ಅಫಾಕ್ಸೊಲೇನರ್ ಮಾತ್ರೆ ಕೊಟ್ಟರು, ತಿಂಗಳಿಗೊಂದು. ಬೆಲೆ ಕೇಳಿ ಎದೆ ಝಲ್ ಅಂದಿದ್ದು ನಿಜ. ಆದರೆ ಮೈಮೇಲೆ ಹತ್ತಿದ ಚಿಗಟ ಒಂದು ದಿನದೊಳಗೆ ಸಾಯುವುದರಿಂದ ಹೊಸ ಮೊಟ್ಟೆ ನಿಲ್ಲುತ್ತಾ ಬರುತ್ತದೆ. ಗೌರಿಗೆ ಹಿಂದೆ ಎರಡು ಸಲ ಫಿಟ್ಸ್ ಬಂದಿತ್ತು. ಈ ಜಾತಿಯ ಮಾತ್ರೆ ಅಂಥ ನಾಯಿಗಳಿಗೆ ಬೇಡ ಅಂದು, ಕತ್ತಿನ ಹಿಂದೆ ಹಾಕುವ ಫಿಪ್ರೊನಿಲ್ ಹನಿ ಕೊಟ್ಟರು. ಹಾಕುವ ಎರಡು ದಿನ ಮೊದಲು, ಎರಡು ದಿನ ಆಮೇಲೆ ಸ್ನಾನ ಇಲ್ಲ. ನೀವು ಡಾಕ್ಟರ ಹತ್ತಿರ ಹೋದಾಗ ಫಿಟ್ಸ್ ವಿಷಯ ಕೇಳದಿದ್ದರೂ ಹೇಳಿ. ಜೊತೆಗೆ ಹುಳದ ಮಾತ್ರೆಯನ್ನೂ ಕೊಟ್ಟರು, ಯಾಕೆಂದರೆ ನಾಯಿ ಚಿಗಟವನ್ನು ಕಚ್ಚಿ ನುಂಗಿದರೆ ಲಾಡಿಹುಳ ಸೇರಿಕೊಳ್ಳುತ್ತದೆ. ನಾಯಿಯ ಹಿಕ್ಕೆಯಲ್ಲಿ ಅಕ್ಕಿಕಾಳಿನಂಥದ್ದು ಕಂಡರೆ ಅದೇ.

ಆಮೇಲೆ ನೆಲ. ಮಳೆ ಹೊಳವಾಗುವುದನ್ನು ಕಾದೆ. ದಾಸವಾಳದ ಬೇಲಿಯನ್ನು ಬುಡದಿಂದ ಎರಡು ಅಡಿ ಎತ್ತರದವರೆಗೆ ಸವರಿ ಬಿಸಿಲು ಒಳಗೆ ಬರುವ ಹಾಗೆ ಮಾಡಿದೆ. ಗುಂಡಿಯ ಮೇಲ್ಮಣ್ಣನ್ನು ಎರಡು ಇಂಚು ಕೆರೆದು, ಹಳೆ ದರಗು ಮತ್ತು ಒಣ ಸೊಪ್ಪಿನ ಜೊತೆ ಪದರ ಪದರವಾಗಿ ಪೇರಿಸಿ ಬೆಂಕಿ ಕೊಟ್ಟೆ. ಅಜ್ಜ ಮಾಡುತ್ತಿದ್ದ ಸುಡುಮಣ್ಣೇ ಅದು. ಗೊಬ್ಬರವೂ ಆಯಿತು, ಬದನೆ ಗಿಡಕ್ಕೆ ಹೋಯಿತು. ಖಾಲಿ ಗುಂಡಿಗೆ ಜಂಬಿಟ್ಟಿಗೆ ಚೂರು ತುಂಬಿದೆ. ಗೋಣಿಚೀಲ ಸುಟ್ಟೆ. ನಾಯಿಗಳು ಮಲಗುವ ಬೇರೆ ಬಟ್ಟೆಗಳನ್ನು ಬಚ್ಚಲ ಹಂಡೆಯ ಕುದಿನೀರಿಗೆ ಹಾಕಿ ಅಡಿಕೆ ಅಂಗಳದಲ್ಲಿ ಒಣಗಿಸಿದೆ. ವಾರಕ್ಕೊಮ್ಮೆ ಇದು ನಡೆಯಲೇಬೇಕು. ಕಟ್ಟಿಗೆ ಮನೆಯ ಮಣ್ಣು ನೆಲದಲ್ಲಿ ಬಿರುಕುಗಳಿದ್ದವು, ಗುಡಿಸಿ, ಬಿರುಕು ಮುಚ್ಚಿ, ಗಟ್ಟಿಯಾಗಿ ಸಗಣಿ ಸಾರಿಸಿದೆ. ರಾತ್ರಿ ಅಲ್ಲಿ ಒಂದು ಬಲ್ಬಿನ ಕೆಳಗೆ ಅಗಲದ ತಟ್ಟೆಯಲ್ಲಿ ಸೋಪಿನ ನೀರು ಇಟ್ಟೆ. ಬೆಳಕಿಗೆ ಹಾರಿ ಬಂದವು ಅದರಲ್ಲಿ ಮುಳುಗುತ್ತವೆ. ಇದರಿಂದ ಚಿಗಟ ಮುಗಿಯುತ್ತದೆ ಅಂದುಕೊಳ್ಳಬೇಡಿ, ಎಷ್ಟು ಉಳಿದಿವೆ ಅಂತ ಲೆಕ್ಕ ಸಿಗುತ್ತದೆ ಅಷ್ಟೇ.

ಈ ನಡುವೆ ಬಂದ ಸಲಹೆಗಳೋ! ಹೊಗೆಸೊಪ್ಪಿನ ನೀರು, ಸೀಮೆಎಣ್ಣೆ, ಫಿನಾಯಿಲ್, ನುಸಿಗುಳಿಗೆ, ಕರ್ಪೂರದ ಎಣ್ಣೆ, ಊಟದಲ್ಲಿ ಬೆಳ್ಳುಳ್ಳಿ. ಒಂದನ್ನೂ ಮಾಡಬೇಡಿ. ನಾಯಿ ತನ್ನ ಮೈಯನ್ನು ನೆಕ್ಕುತ್ತದೆ, ಮೈಗೆ ಹಚ್ಚಿದ್ದೆಲ್ಲ ಹೊಟ್ಟೆಗೆ ಹೋದ ಹಾಗೇ. ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣ ಹಾಳು ಮಾಡುತ್ತದೆ. ಒಬ್ಬರು ಬಿಎಚ್‌ಸಿ ಅನ್ನುವ ಹಳೆ ಕೀಟನಾಶಕ ಪುಡಿಯ ಡಬ್ಬಿಯನ್ನೇ ತಂದುಕೊಟ್ಟರು. ಅದು 1997ರಲ್ಲೇ ನಿಷೇಧ ಆದದ್ದು ಮಾರಾಯ್ರೇ, ಇನ್ನೂ ಅಟ್ಟದ ಮೇಲಿದೆ! ಬೇವಿನ ಸೊಪ್ಪು ಹಾಕಿ ಅಂದವರು ಬಯಲುಸೀಮೆಯ ನೆಂಟರು, ನಮ್ಮ ಮಳೆಗೆ ಬೇವಿನ ಮರ ಎಲ್ಲಿ ಬರಬೇಕು. ಅಮ್ಮ ಲಕ್ಕಿ ಸೊಪ್ಪು ಹಾಸಿದರು. ವಾಸನೆ ಚೆನ್ನಾಗಿತ್ತು, ಚಿಗಟಕ್ಕೂ ಏನೂ ಬೇಸರವಾದಂತೆ ಕಾಣಲಿಲ್ಲ.

ಎರಡು ವಾರಕ್ಕೆ ಕಾಲುಚೀಲದ ಲೆಕ್ಕ ಒಂದು, ಎರಡಕ್ಕೆ ಇಳಿಯಿತು. ಗೆದ್ದೆ ಅಂದುಕೊಂಡು ಕಟ್ಟಿಗೆ ಮನೆಗೆ ಬೀಗ ಹಾಕಿ, ನಾಯಿಗಳನ್ನು ಮುಂಬಾಗಿಲ ಕಡೆ ಕಟ್ಟಿ, ನವರಾತ್ರಿಗೆ ಹತ್ತು ದಿನ ಊರಿಗೆ ಹೋದೆವು. ಪಕ್ಕದ ಮನೆಯವರು ಊಟ ಹಾಕುತ್ತಿದ್ದರು. ಬಂದು ಬಾಗಿಲು ತೆಗೆದು ಒಳಗೆ ಕಾಲಿಟ್ಟೆ, ಪಂಚೆಯ ತುಂಬಾ ಚಿಗಟ. ಗೂಡಿನಲ್ಲಿ ಕಾದಿದ್ದವೆಲ್ಲ ನನ್ನ ಹೆಜ್ಜೆ ಸದ್ದಿಗೆ ಒಟ್ಟಿಗೇ ಹೊರಬಿದ್ದಿದ್ದವು. ಔಷಧಿ ಕೈಕೊಟ್ಟಿತು ಅಂತ ಆಗ ಪಂಪು ಹುಡುಕುವವರೇ ಜಾಸ್ತಿ, ನನಗೂ ಕೈ ತುರಿಸಿತು. ಆದರೆ ಮಾತ್ರೆ ತಿಂದ ಕರಿಯನನ್ನೇ ದಿನಾ ಅಲ್ಲಿ ಓಡಾಡಲು ಬಿಟ್ಟೆ. ಅವನ ಮೈಗೆ ಹಾರಿದವು ಅಲ್ಲೇ ಸತ್ತವು. ಮನೆಯವಳಿಗೆ ಇದು ಕ್ರೌರ್ಯ ಅನ್ನಿಸಿತು, ಒಂದು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಪೂರ್ತಿ ಹತೋಟಿಗೆ ಬಂದಿದ್ದು ದೀಪಾವಳಿ ಕಳೆದು ಇನ್ನೂ ಒಂದು ತಿಂಗಳಿಗೆ. ಸೀರಣಿಗೆಯಲ್ಲಿ ವಾರಕ್ಕೆರಡು ಸಲ ಇಬ್ಬರನ್ನೂ ಬಾಚುತ್ತೇನೆ, ಪಕ್ಕದಲ್ಲಿ ಸೋಪಿನ ನೀರಿನ ಚೊಂಬು. ಬೆಕ್ಕಿಗೆ ಬೆಕ್ಕಿನದೇ ಹನಿಯನ್ನು ಪಕ್ಕದ ಮನೆಯವರು ಹಾಕಿಸುತ್ತಾರೆ, ದುಡ್ಡು ನನ್ನದು, ಅದು ನ್ಯಾಯವೂ ಹೌದು. ಹೆಗ್ಗಣವೂ ಚಿಗಟ ಹೊತ್ತು ತರುತ್ತದೆ, ಅದು ಬರುತ್ತಿದ್ದ ಮೋರಿ ತೂತು ಮುಚ್ಚಿಸಿದೆ. ಉಳಿದಿರುವುದು ರಸ್ತೆಯ ಒಂದು ಕುಂಟ ನಾಯಿ, ದರಗಿನ ರಾಶಿ ಬಿಟ್ಟು ಬೇರೆಲ್ಲೂ ಮಲಗುವುದಿಲ್ಲ. ಅದನ್ನು ಓಡಿಸಲು ಮನಸ್ಸಿಲ್ಲ. ತೂಕ ಅಂದಾಜು ಮಾಡಲು ಹೋದ ವಾರ ಅಡಿಕೆ ತೂಗುವ ತಕ್ಕಡಿಯ ಹತ್ತಿರ ಕರೆದೆ, ಬಿಸ್ಕೆಟ್ ತಿಂದು ಓಡಿಹೋಯಿತು.