ಕಯೋಟಿ ಹೊಡೆಯಲು ಯಾವ ರೈಫಲ್?

ಅಮೆರಿಕದಲ್ಲಿ ಕುರಿ, ಕೋಳಿ ಸಾಕಿಕೊಂಡವರ ನಿದ್ದೆ ಕೆಡಿಸುವ ಪ್ರಾಣಿ ಕಯೋಟಿ. ನಮ್ಮ ನರಿಗೆ ದಾಯಾದಿ, ಮೈತೂಕ 9ರಿಂದ 20 ಕೆ.ಜಿ. ಅದರ ಜೊತೆಗೆ ಹುಲ್ಲುಗಾವಲಿನ ತುಂಬ ಬಿಲ ತೋಡುವ ಪ್ರೇರಿ ನಾಯಿ. ಹೆಸರಿಗಷ್ಟೇ ನಾಯಿ, ಕುಲ ಅಳಿಲಿನದು, ತೂಕ 1 ಕೆ.ಜಿ. ಆಸುಪಾಸು. ಎರಡಕ್ಕೂ ಒಂದೇ ರೈಫಲ್ ಸಾಕೇ ಎಂದು ಹೊಸಬರು ಕೇಳುತ್ತಾರೆ. ಅಂಗಡಿಯಲ್ಲಾದರೆ ಮಾತು ಗುಂಡಿನ ವೇಗ, ಬ್ರ್ಯಾಂಡುಗಳಿಂದಲೇ ಶುರು. ನನ್ನನ್ನು ಕೇಳಿದರೆ ರೈಫಲ್ ಆರಿಸುವುದು ಕೊನೆಯ ಕೆಲಸ. ಮೊದಲು ಕಾನೂನು, ಆಮೇಲೆ ಜಮೀನು.

ಹಂತ 1: ಕಾಗದಪತ್ರ

ಗ್ರೀನ್ ಕಾರ್ಡ್ ಇರುವವರಿಗೆ ಫೆಡರಲ್ ಕಾನೂನಿನ ಅಡ್ಡಿಯಿಲ್ಲ. ಎಚ್-1ಬಿ, ಎಫ್-1ನಂಥ ವೀಸಾದಲ್ಲಿರುವವರು ಕೋವಿಯನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವುದು ಸಾಮಾನ್ಯವಾಗಿ ನಿಷಿದ್ಧ. ಅಲ್ಲಿನ ಯಾವುದಾದರೂ ರಾಜ್ಯದ ಬೇಟೆ ಲೈಸೆನ್ಸ್ ಚಾಲ್ತಿಯಲ್ಲಿದ್ದರೆ ವಿನಾಯಿತಿ ಉಂಟು. ಗೆಳೆಯರು ಹೊಲದಲ್ಲಿ ‘ಹಿಡ್ಕೊಂಡ್ ನೋಡಿ’ ಎಂದು ಕೈಗಿತ್ತಾಗಲೂ ಇದೇ ಕಾನೂನು.

ಉಳಿದದ್ದು ರಾಜ್ಯಕ್ಕೊಂದು ರೀತಿ. ಟೆಕ್ಸಾಸ್‌ನ ಖಾಸಗಿ ಜಮೀನಿನಲ್ಲಿ ಕಯೋಟಿಗೆ ವರ್ಷವಿಡೀ ಬೇಟೆಯ ಋತು. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಯಾವ ಬೇಟೆಗೂ ಸೀಸದ ಗುಂಡು ಬಳಸುವಂತಿಲ್ಲ. ಅರಿಜೋನಾ, ನ್ಯೂ ಮೆಕ್ಸಿಕೊಗಳಲ್ಲಿ ಮೆಕ್ಸಿಕನ್ ತೋಳ ಸಂರಕ್ಷಿತ ಪ್ರಾಣಿ. ಮುಸ್ಸಂಜೆಯಲ್ಲಿ ಅದನ್ನು ಕಯೋಟಿ ಎಂದುಕೊಂಡು ಹೊಡೆದರೆ ದೊಡ್ಡ ಅಪರಾಧ. ಯೂಟಾ ಪ್ರೇರಿ ನಾಯಿ ಎಂಬ ಜಾತಿಗೂ ರಕ್ಷಣೆ ಇದೆ. (ಊರಿನ ಓದುಗರು ಇದನ್ನು ಭಾರತಕ್ಕೆ ಅನ್ವಯಿಸಿಕೊಳ್ಳಬಾರದು. ಕೊಡಗಿನವರ ಕೋವಿಗೆ ಲೈಸೆನ್ಸಿನ ವಿನಾಯಿತಿ ಇದ್ದರೂ ಅದು ಬೇಟೆಗೆ ಪರವಾನಗಿಯಲ್ಲ. 1972ರ ವನ್ಯಜೀವಿ ಕಾಯ್ದೆ ನರಿಯನ್ನೂ ಕಾಯುತ್ತದೆ.)

ಹಂತ 2: ಜಮೀನು ಸುತ್ತಿ ಬನ್ನಿ

ಪ್ರಾಣಿ ಎಷ್ಟು ದೂರದಲ್ಲಿ ಕಾಣಿಸುತ್ತದೆ? ಅದರ ಬೆನ್ನ ಹಿಂದೆ ಏನಿದೆ? ಮಣ್ಣಿನ ದಿಬ್ಬವಿದ್ದರೆ ಸರಿ. ರಸ್ತೆ, ಮನೆ, ನೆರೆಯವರ ದನ ಇದ್ದರೆ, ಅಥವಾ ಬರೀ ಆಕಾಶವಿದ್ದರೆ, ಎಂಥ ರೈಫಲ್ ಇದ್ದರೂ ಈಡು ಹಾರಿಸಕೂಡದು.

ಇಲ್ಲಿ ಬಹಳ ಜನ ಉಲ್ಟಾ ತಿಳಿದಿರುತ್ತಾರೆ. ಪುಟ್ಟ .22 ಎಲ್‌ಆರ್ (ಲಾಂಗ್ ರೈಫಲ್; .22 ಎಂದರೆ ಗುಂಡಿನ ಅಡ್ಡಳತೆ, ಸುಮಾರಾಗಿ ಇಂಚಿನಲ್ಲಿ) ತೋಟಾ ನಿರಪಾಯಕಾರಿ ಎಂಬ ನಂಬಿಕೆ ಇದೆ. ಅದರ 40 ಗ್ರೇನ್ (ಗುಂಡಿನ ತೂಕದ ಅಳತೆ; ಸುಮಾರು 15 ಗ್ರೇನಿಗೆ ಒಂದು ಗ್ರಾಂ) ಸೀಸದ ಗುಂಡು ನಿಧಾನದ್ದು, ಆದ್ದರಿಂದಲೇ ಗಟ್ಟಿ ನೆಲಕ್ಕೋ ಕಲ್ಲಿಗೋ ತಾಗಿದಾಗ ಒಡೆಯದೆ ಪುಟಿದು ಇನ್ನೆಲ್ಲಿಗೋ ಹೋಗುತ್ತದೆ. ಎಲ್ಲೂ ತಾಗದೆ ಮೇಲ್ಮುಖವಾಗಿ ಹಾರಿದರೆ ಒಂದು ಮೈಲಿ ದಾಟಬಲ್ಲದು. ಕ್ಷುದ್ರಪ್ರಾಣಿಗಳಿಗೆಂದೇ ಮಾಡಿದ, ಪ್ಲಾಸ್ಟಿಕ್ ತುದಿಯ ವೇಗದ .223 ಗುಂಡು ತಾಗಿದಲ್ಲೇ ಪುಡಿಯಾಗುವುದು ಹೆಚ್ಚು.

ಹಂತ 3: ತೋಟಾ

ಕೋಳಿಗೂಡಿನ ಸುತ್ತ 50–75 ಗಜದೊಳಗಿನ ಅಳಿಲು, ಇಲಿಗಳಿಗೆ .22 ಎಲ್‌ಆರ್ ಸಾಕು. ತೋಟಾ ಅಗ್ಗ, ಸದ್ದೂ ಕಡಿಮೆ. 50 ಗಜಕ್ಕೆ ಗುರಿ ಕೂಡಿಸಿದರೆ 100 ಗಜಕ್ಕೆ ಗುಂಡು ಸುಮಾರು ಆರೇಳು ಇಂಚು ಕೆಳಗಿಳಿದಿರುತ್ತದೆ. ಇನ್ನಷ್ಟು ದೂರದ ಪ್ರೇರಿ ನಾಯಿಗೆ 2002ರಲ್ಲಿ ಬಂದ .17 ಎಚ್‌ಎಂಆರ್ ಒಳ್ಳೆಯದು, ಆದರೆ ಗಾಳಿ ಬೀಸಿದರೆ ಅದರ 17 ಗ್ರೇನ್ ಗುಂಡು ಪಕ್ಕಕ್ಕೆ ಸರಿಯುತ್ತದೆ. ಇವೆರಡರಿಂದ ಕಯೋಟಿಗೆ ಹೊಡೆಯಬೇಡಿ. ಗಾಯಗೊಂಡು ಓಡಿ ಪೊದೆಯಲ್ಲಿ ನರಳಿ ಸಾಯುತ್ತದೆ.

ಕಯೋಟಿಗೆ ನನ್ನ ಆಯ್ಕೆ .223 ರೆಮಿಂಗ್ಟನ್. 55 ಗ್ರೇನ್ ಗುಂಡು ಸೆಕೆಂಡಿಗೆ ಸುಮಾರು 3,200 ಅಡಿ ವೇಗದಲ್ಲಿ ಹೊರಡುತ್ತದೆ, ಭುಜಕ್ಕೆ ಒದೆತ ಕಡಿಮೆ, ತೋಟಾ ಎಲ್ಲಿ ಬೇಕಾದರೂ ಸಿಗುತ್ತದೆ. ಪ್ರೇರಿ ನಾಯಿಗೂ ನಡೆಯುತ್ತದೆ. ಒಂದೇ ರೈಫಲ್ ಎಂದು ಹಟ ಹಿಡಿದವರಿಗೆ ಇದೇ ಉತ್ತರ. .22-250 ಇನ್ನೂ ಚುರುಕು, ಬಯಲುಸೀಮೆಯ 300 ಗಜದಾಚೆಗೆ ಸೊಗಸು, ಆದರೆ ನಳಿಗೆ ಬೇಗ ಸವೆಯುತ್ತದೆ. ಜಿಂಕೆಗೂ ಬೇಕು ಎನ್ನುವವರು .243 ವಿಂಚೆಸ್ಟರ್ ನೋಡಬಹುದು.

ಹಂತ 4: ಕೋವಿ ಕೈಗೆತ್ತಿಕೊಳ್ಳಿ

ಮೊದಲ ರೈಫಲ್ ಬೋಲ್ಟ್ ಆಕ್ಷನ್ (ಪ್ರತಿ ಈಡಿಗೂ ಕೈಯಿಂದ ಅಗುಳಿ ಎಳೆದು ತೋಟಾ ಏರಿಸುವ ಬಗೆಯದು) ಇರಲಿ. ನಡೆದು ಹೋಗಿ, ಮೊಲದ ಚೀತ್ಕಾರದಂಥ ಸದ್ದು ಮಾಡಿ ಕಯೋಟಿಯನ್ನು ಕರೆಯುವವರಿಗೆ ಮೂರು ಕೆ.ಜಿ.ಯ ಹಗುರ ರೈಫಲ್ ಹಿತ. ಒಂದೇ ಕಡೆ ಕೂತು ಪ್ರೇರಿ ನಾಯಿಗಳಿಗೆ ಈಡಿನ ಮೇಲೆ ಈಡು ಹಾರಿಸುವುದಾದರೆ ದಪ್ಪ ನಳಿಗೆಯೇ ಬೇಕು. ತೆಳುವಾದದ್ದು ಕಾದಂತೆಲ್ಲ ಗುರಿ ಹರಡುತ್ತದೆ. ನಳಿಗೆಯ ಮೇಲೆ 1:12, 1:8 ಎಂದೇನೋ ಕೆತ್ತಿರುತ್ತದೆ. ಒಳಗಿನ ಸುರುಳಿಗೆರೆ ಎಷ್ಟು ಇಂಚಿಗೊಮ್ಮೆ ಸುತ್ತು ಮುಗಿಸುತ್ತದೆ ಎಂಬ ಲೆಕ್ಕ ಅದು. ಉದ್ದದ, ಭಾರದ ಗುಂಡಿಗೆ 1:8 ಬೇಕು; .223ರ 55 ಗ್ರೇನಿಗೆ 1:9 ಧಾರಾಳವಾಯಿತು.

ಹಂತ 5: ದುರ್ಬೀನು, ಗುರಿ

3–9 ಪಟ್ಟು ಹಿಗ್ಗಿಸುವ ಸ್ಕೋಪ್ ಕಯೋಟಿಗೆ ಸಾಕು. ಕರೆಗೆ ಓಗೊಟ್ಟು ಪ್ರಾಣಿ 40 ಗಜಕ್ಕೇ ಬಂದು ನಿಂತಾಗ ದೊಡ್ಡ ಸ್ಕೋಪಿನಲ್ಲಿ ಬರೀ ರೋಮ ಕಾಣುತ್ತದೆ. ಸಾಮಾನ್ಯ ಸ್ಕೋಪಿನಲ್ಲಿ ಒಂದು ಕ್ಲಿಕ್ ಎಂದರೆ 100 ಗಜದಲ್ಲಿ ಕಾಲು ಇಂಚು. ಕಿವಿಗೆ ರಕ್ಷಣೆ ಹಾಕಿಕೊಂಡು, ಮರಳುಚೀಲದ ಮೇಲೆ ರೈಫಲ್ ಇಟ್ಟು 100 ಗಜದ ಗುರಿಗೆ ಮೂರು ಈಡು ಹಾರಿಸಿ. ಮೂರರ ನಡುಬಿಂದು ಎರಡು ಇಂಚು ಕೆಳಗಿದ್ದರೆ ಎಂಟು ಕ್ಲಿಕ್ ಮೇಲಕ್ಕೆ ತಿರುಗಿಸಿ, ಮತ್ತೆ ಮೂರು ಹಾರಿಸಿ ನೋಡಿ. ತೋಟಾದ ಕಂಪನಿಯೋ ಗ್ರೇನೋ ಬದಲಾದರೆ ಇದನ್ನೆಲ್ಲ ಮೊದಲಿನಿಂದ ಮಾಡಬೇಕು.