ಕಾರ್ಖಾನೆಯ ಕಾಡತೂಸಿಗೆ ಒಗ್ಗುವ ಸ್ಪರ್ಧಾ ಪಿಸ್ತೂಲು: ಆರಿಸುವ ಬಗೆ, ಪರೀಕ್ಷಿಸುವ ಬಗೆ

ಸ್ಪರ್ಧೆಗೆಂದು ಪಿಸ್ತೂಲು ಕೊಳ್ಳುವವರು ಮೊದಲು ಪಿಸ್ತೂಲು ನೋಡುತ್ತಾರೆ, ಕಾಡತೂಸಿನ ಮಾತು ಆಮೇಲೆ. ಈ ಕ್ರಮ ತಲೆಕೆಳಗಾಗಬೇಕು. ವರ್ಷವಿಡೀ ಸಿಗುವ, ಒಂದೇ ಲಾಟ್‌ನಲ್ಲಿ (ಒಂದೇ ಸಲ ತಯಾರಾದ ಕಂತಿನಲ್ಲಿ) ಸಾವಿರ ಎರಡು ಸಾವಿರ ಒಟ್ಟಿಗೆ ಕೊಳ್ಳಬಹುದಾದ ಕಾಡತೂಸು ಯಾವುದೆಂದು ಮೊದಲು ಗೊತ್ತುಮಾಡಿಕೊಳ್ಳಿ. ಆಮೇಲೆ ಅದನ್ನು ತಕರಾರಿಲ್ಲದೆ ನುಂಗುವ ಪಿಸ್ತೂಲು ಹುಡುಕಿ.

ಇದಕ್ಕೆ ಕಾರಣವಿದೆ. ಪಂದ್ಯಗಳಲ್ಲಿ ಮುಂದಿರುವ ಬಹಳ ಮಂದಿ ತಮ್ಮ ಕಾಡತೂಸನ್ನು ತಾವೇ ತುಂಬಿಕೊಳ್ಳುತ್ತಾರೆ. ಮದ್ದು, ಗುಂಡಿನ ತೂಕ, ಪ್ರೈಮರ್ (ಏಟು ಬಿದ್ದಾಗ ಮದ್ದಿಗೆ ಕಿಡಿ ಕೊಡುವ ತಳದ ಪುಟ್ಟ ಬಟ್ಟಲು), ಒಟ್ಟು ಉದ್ದ ಎಲ್ಲವೂ ಅವರ ಹಿಡಿತದಲ್ಲಿರುತ್ತವೆ. ಆ ಒಂದೇ ಕಾಡತೂಸಿಗೆ ಹೊಂದುವಂತೆ ರಿಕಾಯಿಲ್ ಸ್ಪ್ರಿಂಗ್ (ಸ್ಲೈಡನ್ನು, ಅಂದರೆ ಪಿಸ್ತೂಲಿನ ಮೇಲಿನ ಜಾರುವ ಭಾಗವನ್ನು, ಮುಂದಕ್ಕೆ ತಳ್ಳುವುದು) ಹಗುರ ಮಾಡಿರುತ್ತಾರೆ, ಪ್ರೈಮರ್‌ಗೆ ಏಟು ಕೊಡಿಸುವ ಹ್ಯಾಮರ್ ಸ್ಪ್ರಿಂಗ್ ಇನ್ನೂ ಹಗುರ. ಅಂಥ ಪಿಸ್ತೂಲಿನ ಟ್ರಿಗರ್ ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯ. ಅದೇ ಪಿಸ್ತೂಲು ಕೈ ಬದಲಾಗಿ, ಪೆಟ್ಟಿಗೆಯಿಂದ ತೆಗೆದ ಕಾಡತೂಸು ಒಳಗೆ ಹೋದಾಗ ಹತ್ತಕ್ಕೊಂದು ಸಿಡಿಯದೆ ಉಳಿಯುತ್ತದೆ. ಅಲ್ಲಿ ಕೆಟ್ಟಿರುವುದು ಏನೂ ಇಲ್ಲ, ಜೋಡಿ ಬದಲಾಗಿದೆ ಅಷ್ಟೆ.

ಮೊದಲು ಡಿವಿಷನ್, ಆಮೇಲೆ ಲೆಕ್ಕ

ಐಪಿಎಸ್‌ಸಿ ಮಾದರಿಯ, ಅಂದರೆ ವೇಗ ಮತ್ತು ಗುರಿ ಎರಡನ್ನೂ ಅಳೆಯುವ, ಪಂದ್ಯಗಳಲ್ಲಿ ಕಾಡತೂಸಿನ ಬಲ ತೋರುವ ಪವರ್ ಫ್ಯಾಕ್ಟರ್ ಎಂಬ ಲೆಕ್ಕವಿದೆ: ಗ್ರೇನ್‌ನಲ್ಲಿ (ತೂಕದ ಒಂದು ಸಣ್ಣ ಅಳತೆ) ಗುಂಡಿನ ತೂಕ, ಸೆಕೆಂಡಿಗೆ ಎಷ್ಟು ಅಡಿ ಎಂಬ ವೇಗ, ಇವೆರಡನ್ನು ಗುಣಿಸಿ 1000ದಿಂದ ಭಾಗಿಸಬೇಕು. ಮೈನರ್‌ಗೆ (ಕೆಳಗಿನ ಮಟ್ಟ) 125 ಮುಟ್ಟಬೇಕು, ಮೇಜರ್ ಅದಕ್ಕಿಂತ ಮೇಲಿನ ಮಟ್ಟ. 124 ಗ್ರೇನ್ ಗುಂಡು 1050 ಅಡಿ ವೇಗದಲ್ಲಿ ಹೋದರೆ 130.2, ನೆಮ್ಮದಿ. 147 ಗ್ರೇನ್, 900 ಅಡಿ: 132.3, ಇನ್ನೂ ನೆಮ್ಮದಿ. 115 ಗ್ರೇನ್ ಗುಂಡು 1080 ಅಡಿಯಲ್ಲಿ ಹೋದರೆ 124.2, ಅಂದರೆ ನಿಮ್ಮ ಅಂಕಗಳೇ ಲೆಕ್ಕಕ್ಕೆ ಬರುವುದಿಲ್ಲ. ಪೆಟ್ಟಿಗೆಯ ಮೇಲೆ ಅಚ್ಚಾದ ವೇಗ ಕಂಪನಿಯ ಪರೀಕ್ಷಾ ಬ್ಯಾರೆಲ್‌ನದು. ಪಂದ್ಯದಲ್ಲಿ ಅಳೆಯುವುದು ನಿಮ್ಮ ಪಿಸ್ತೂಲಿನಿಂದ ಹೊರಟ ಗುಂಡನ್ನು. ಬ್ಯಾರೆಲ್ ಗಿಡ್ಡವಾದಷ್ಟೂ ವೇಗ ಇಳಿಯುತ್ತದೆ. ಆದ್ದರಿಂದ ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಮುಂದೆ ಹತ್ತು ಗುಂಡು ಹಾರಿಸಿ ಸರಾಸರಿ ಪವರ್ ಫ್ಯಾಕ್ಟರ್ 130ರ ಮೇಲಿದ್ದರೆ ಮಾತ್ರ ಆ ಜೋಡಿಯನ್ನು ನಂಬಿ.

ಓಪನ್ ಡಿವಿಷನ್ (ಹೆಚ್ಚು ಮಾರ್ಪಾಡಿಗೆ ಅವಕಾಶವಿರುವ ವಿಭಾಗ) ಪಿಸ್ತೂಲಿನ ಆಸೆಯನ್ನು ಕಾರ್ಖಾನೆ ಕಾಡತೂಸಿನವರು ಬಿಡುವುದೇ ಒಳ್ಳೆಯದು. ಅಲ್ಲಿ ಮೇಜರ್ 160. ಮಾಮೂಲಿ 9 ಎಂಎಂ ಪೆಟ್ಟಿಗೆಗಳು ಆ ಮಟ್ಟದ ಹತ್ತಿರಕ್ಕೂ ಬರುವುದಿಲ್ಲ. ಮೂತಿಯಲ್ಲಿ ಗ್ಯಾಸನ್ನು ಮೇಲಕ್ಕೆ ಬಿಟ್ಟು ಪಿಸ್ತೂಲು ಏಳದಂತೆ ತಡೆಯುವ ಕಾಂಪೆನ್ಸೇಟರ್ ಕೆಲಸ ಮಾಡಲು ಜೋರಾದ ಗ್ಯಾಸ್ ಬೇಕು. ಮೆತ್ತಗಿನ ಕಾಡತೂಸು ಹಾಕಿದರೆ ಅದು ಮೂತಿಗೆ ಕಟ್ಟಿದ ಭಾರ ಮಾತ್ರ, ಸ್ಲೈಡ್ ಕೂಡ ಪೂರ್ತಿ ಹಿಂದೆ ಹೋಗದೆ ಅರ್ಧಕ್ಕೇ ತಿರುಗುತ್ತದೆ. ಸ್ಟ್ಯಾಂಡರ್ಡ್ ಡಿವಿಷನ್‌ನ ಮೇಜರ್ 170. ಅಲ್ಲಿ .40 ಕ್ಯಾಲಿಬರ್‌ನ 180 ಗ್ರೇನ್ ಕಾರ್ಖಾನೆ ಕಾಡತೂಸು 950 ಅಡಿ ವೇಗ ಕೊಟ್ಟರೆ 171 ಆಗುತ್ತದೆ, ಕೂದಲೆಳೆಯ ಅಂತರ. ಪ್ರೊಡಕ್ಷನ್ (ಹೆಚ್ಚುಕಡಿಮೆ ಕಾರ್ಖಾನೆಯಿಂದ ಬಂದಂತೆಯೇ ಇರುವ ಪಿಸ್ತೂಲು) ಮತ್ತು ಪ್ರೊಡಕ್ಷನ್ ಆಪ್ಟಿಕ್ಸ್‌ನಲ್ಲಿ ಎಲ್ಲರದೂ ಮೈನರ್ ಅಂಕವೇ ಆದ್ದರಿಂದ ಕಾರ್ಖಾನೆಯ 9 ಎಂಎಂ ಇಟ್ಟುಕೊಂಡು ಆಡಲು ಇವೇ ಸರಿಯಾದ ಜಾಗ.

ಕೈಗೆ ತೆಗೆದುಕೊಂಡಾಗ ನೋಡಬೇಕಾದದ್ದು

ಎಲ್ಲಕ್ಕಿಂತ ಮೊದಲು ಚೇಂಬರ್, ಅಂದರೆ ಬ್ಯಾರೆಲಿನ ಹಿಂಬದಿಯಲ್ಲಿ ಕಾಡತೂಸು ಕೂರುವ ಜಾಗ. ಖಾಲಿ ಮಾಡಿದ ಪಿಸ್ತೂಲನ್ನು ಬಿಚ್ಚಿ ಬ್ಯಾರೆಲ್ ಒಂದನ್ನೇ ಹೊರಗೆ ತೆಗೆಯಿರಿ. ನೀವು ಬಳಸಲಿರುವ ಕಾಡತೂಸನ್ನು ಚೇಂಬರಿಗೆ ಹಾಗೇ ಬೀಳಬಿಡಿ. ಅದು ‘ಟಕ್’ ಎಂದು ಕೂರಬೇಕು. ಬೆರಳ ತುದಿಯಿಂದ ತಿರುಗಿಸಿದರೆ ಸಲೀಸಾಗಿ ಸುತ್ತಬೇಕು. ಬ್ಯಾರೆಲ್ ಬೋರಲು ಹಿಡಿದರೆ ತನ್ನ ಭಾರಕ್ಕೇ ಜಾರಿ ಬೀಳಬೇಕು. ಕೂತಿದೆ, ಆದರೆ ಸುತ್ತುತ್ತಿಲ್ಲ ಎಂದರೆ ಗುಂಡಿನ ಹೆಗಲು ಬ್ಯಾರೆಲಿನೊಳಗಿನ ಸುರುಳಿ ಗೀರುಗಳಾದ ರೈಫ್ಲಿಂಗ್‌ಗೆ ತಾಗುತ್ತಿದೆ ಎಂದರ್ಥ. ಅಂಥ ಕಾಡತೂಸು ಕೆಲವೊಮ್ಮೆ ಸ್ಲೈಡ್ ಪೂರ್ತಿ ಮುಚ್ಚಲು ಬಿಡದು. ಮುಚ್ಚಿಕೊಂಡರೂ, ಸಿಡಿಯದ ಕಾಡತೂಸನ್ನು ಹೊರಗೆ ಎಳೆಯುವಾಗ ಕೈ ನೋಯಿಸುತ್ತದೆ. ಸಿಝೆಡ್ (ಚೆಕ್ ಕಂಪನಿ) ವಂಶದ ಪಿಸ್ತೂಲುಗಳ ಚೇಂಬರಿನಲ್ಲಿ ಈ ಮುಂದಿನ ಜಾಗ ಕಿರಿದು ಎಂಬುದು ಹಳೆಯ ಮಾತು. ಅವುಗಳಲ್ಲಿ ಉರುಟು ಮೂತಿಯ 115 ಮತ್ತು 124 ಗ್ರೇನ್ ಸಾಮಾನ್ಯವಾಗಿ ಸಲೀಸು, ದಪ್ಪ ಹೆಗಲಿನ ಚಪ್ಪಟೆ ಮೂತಿಯ 147 ಗ್ರೇನನ್ನು ಮಾತ್ರ ಪರೀಕ್ಷಿಸದೆ ಪೆಟ್ಟಿಗೆಗಟ್ಟಲೆ ಕೊಳ್ಳಬೇಡಿ. 9 ಎಂಎಂ ಕಾಡತೂಸಿನ ಗರಿಷ್ಠ ಒಟ್ಟು ಉದ್ದ 29.69 ಮಿಲಿಮೀಟರ್. ಉದ್ದ ಈ ಮಿತಿಯೊಳಗಿದ್ದರೂ ಮೂತಿಯ ಆಕಾರ ತೊಡಕು ತರಬಹುದು. ಅಂದಹಾಗೆ, ಈ ಪರೀಕ್ಷೆಯನ್ನು ಪಂದ್ಯದ ಸೇಫ್ಟಿ ಏರಿಯಾದಲ್ಲಿ (ಖಾಲಿ ಪಿಸ್ತೂಲನ್ನು ಮಾತ್ರ ಮುಟ್ಟಬಹುದಾದ ಜಾಗ) ಮಾಡಲು ಹೋಗಬೇಡಿ. ಅಲ್ಲಿ ಡಮ್ಮಿ ಕಾಡತೂಸು ಮುಟ್ಟಿದರೂ ಪಂದ್ಯದಿಂದ ಹೊರಗೆ.

ಎರಡನೆಯದು ಹ್ಯಾಮರ್ ಅಥವಾ (ಹ್ಯಾಮರ್ ಇಲ್ಲದ ಪಿಸ್ತೂಲಿನಲ್ಲಿ ಅದೇ ಕೆಲಸ ಮಾಡುವ) ಸ್ಟ್ರೈಕರ್ ಸ್ಪ್ರಿಂಗ್. ಪ್ರೈಮರ್‌ಗಳೆಲ್ಲ ಒಂದೇ ಗಟ್ಟಿ ಅಲ್ಲ. ಫೆಡರಲ್ ಮೆತ್ತಗಿನದೆಂದು ಹೆಸರಾದರೆ ಸಿಸಿಐ ಮತ್ತು ಸೆಲಿಯರ್ ಆ್ಯಂಡ್ ಬೆಲ್ಲೋ ಗಟ್ಟಿ. ತಾನೇ ತುಂಬಿಕೊಳ್ಳುವವನು ಮೆತ್ತಗಿನದನ್ನೇ ಆರಿಸುತ್ತಾನೆ. ಪೆಟ್ಟಿಗೆ ಕೊಳ್ಳುವವನಿಗೆ ಆ ಆಯ್ಕೆ ಇಲ್ಲ. ಹಾಗಾಗಿ ಟ್ರಿಗರ್ ನೂರಿನ್ನೂರು ಗ್ರಾಂ ಭಾರವಾದರೂ ಪರವಾಗಿಲ್ಲ, ಕಂಪನಿಯೇ ಹಾಕಿ ಕೊಟ್ಟ ಸ್ಪ್ರಿಂಗ್ ಇರಲಿ. ಬಳಸಿದ ಪಿಸ್ತೂಲಾದರೆ ಮಾರುವವರನ್ನು ನೇರವಾಗಿ ಕೇಳಿ: ಯಾವ ಸ್ಪ್ರಿಂಗ್ ಬದಲಿಸಿದ್ದೀರಿ, ಎಷ್ಟು ಪೌಂಡಿನದು, ತೆಗೆದ ಮೂಲ ಭಾಗಗಳು ಎಲ್ಲಿವೆ? ಉತ್ತರ ತಡವರಿಸಿದರೆ ಹೊಸ ಮೂಲ ಸ್ಪ್ರಿಂಗ್‌ಗಳ ಖರ್ಚನ್ನೂ ಬೆಲೆಗೆ ಸೇರಿಸಿಕೊಳ್ಳಿ.

ಸ್ಲೈಡ್ ಮೇಲೆ ರೆಡ್ ಡಾಟ್ (ಕೆಂಪು ಚುಕ್ಕೆಯಿಂದ ಗುರಿ ತೋರುವ ಸೈಟ್) ಕೂರಿಸಿದ್ದರೆ ಸ್ಲೈಡಿನ ತೂಕ ಹೆಚ್ಚಿ ಅದರ ಓಟ ನಿಧಾನವಾಗುತ್ತದೆ. ಡಾಟ್ ಇಲ್ಲದೆ ಚೆನ್ನಾಗಿ ಓಡಿದ ಪಿಸ್ತೂಲು ಡಾಟ್ ಹಾಕಿದ ಮೇಲೆ ಮೆತ್ತಗಿನ ಕಾಡತೂಸಿಗೆ ಮುಗ್ಗರಿಸುವುದು ಇದಕ್ಕೇ. ಪರೀಕ್ಷೆ ಮಾಡುವಾಗ ಪಂದ್ಯಕ್ಕೆ ಹೇಗೆ ಒಯ್ಯುತ್ತೀರೋ ಹಾಗೇ ಮಾಡಿ.

ಮ್ಯಾಗಜೀನ್ ಬಗ್ಗೆ ಒಂದೇ ಮಾತು: ಪಿಸ್ತೂಲಿನ ಮೇಲೆ ಹೊರಿಸುವ ದೂರುಗಳಲ್ಲಿ ಬಹುಪಾಲು ಮ್ಯಾಗಜೀನಿನವು. ‘2011’ ಎಂಬ ಬಗೆಯ (1911 ಮಾದರಿಯನ್ನೇ ಎರಡು ಸಾಲಿನ ಮ್ಯಾಗಜೀನಿಗೆ ಅಗಲಿಸಿದ) ಪಿಸ್ತೂಲುಗಳಲ್ಲಿ ಇದು ಇನ್ನೂ ಹೆಚ್ಚು. ಮ್ಯಾಗಜೀನಿನ ಬಾಯಿಯ ತುಟಿಗಳು ಅಷ್ಟಿಷ್ಟು ಅಗಲವಾದರೂ ಕಾಡತೂಸು ಬೇರೆ ಕೋನದಲ್ಲಿ ಏಳುತ್ತದೆ. ಪ್ರತಿಯೊಂದಕ್ಕೂ ತಳದಲ್ಲಿ ನಂಬರ್ ಬರೆಯಿರಿ.

ಐನೂರು ಗುಂಡಿನ ಪರೀಕ್ಷೆ

ಒಂದೇ ಲಾಟ್‌ನ 500 ಕಾಡತೂಸು, ಕನಿಷ್ಠ ಮೂರು ಮ್ಯಾಗಜೀನ್, ಒಂದು ನೋಟ್‌ಬುಕ್. ಪಿಸ್ತೂಲನ್ನು ಒರೆಸಿ ಕೈಪಿಡಿ ಹೇಳಿದ ಜಾಗಗಳಿಗೆ ಎಣ್ಣೆ ಹಾಕಿ ಶುರು ಮಾಡಿ. ಮೊದಲ 50 ಗುಂಡು, ಪಿಸ್ತೂಲಿನ ಭಾಗಗಳು ಒಗ್ಗಿಕೊಳ್ಳಲಿ ಎಂದು. ಉಳಿದ 450ನ್ನು ನಡುವೆ ಒರೆಸದೆ ಹಾರಿಸಿ. ಮ್ಯಾಗಜೀನನ್ನು ಪ್ರತಿ ಸಲ ಪೂರ್ತಿ ತುಂಬಿ, ಯಾಕೆಂದರೆ ಸ್ಪ್ರಿಂಗ್ ಅತಿ ಬಿಗಿಯಾಗಿರುವ ಮೊದಲ ಕಾಡತೂಸು ಮತ್ತು ಅತಿ ಸಡಿಲವಾಗಿರುವ ಕೊನೆಯದು, ಇವೆರಡೇ ಹೆಚ್ಚಾಗಿ ಕೈಕೊಡುವುದು. ಬಲಗೈ ಒಂದರಲ್ಲೇ ಹತ್ತು, ಎಡಗೈ ಒಂದರಲ್ಲೇ ಹತ್ತು ಹಾರಿಸಿ. ಹಿಡಿತ ಸಡಿಲವಾದಾಗ ಸ್ಲೈಡಿಗೆ ಬಲ ಸಾಲದೆ ಹೋಗುವುದು ಎರಡು ಕೈಯಲ್ಲಿ ಗೊತ್ತಾಗದು. ತಡೆ (ಪಿಸ್ತೂಲು ನಡುವೆ ಕೈಕೊಟ್ಟು ನಿಲ್ಲುವುದು) ಬಂದಾಗಲೆಲ್ಲ ಮೂರು ವಿಷಯ ಬರೆದಿಡಿ: ಮ್ಯಾಗಜೀನ್ ನಂಬರ್, ಎಷ್ಟನೆಯ ಗುಂಡು, ಏನಾಯಿತು.

ಐನೂರೇ ಯಾಕೆ? ಒಂದೂ ತಡೆಯಿಲ್ಲದೆ ಎಷ್ಟು ಗುಂಡು ಹಾರಿದವೋ ಆ ಸಂಖ್ಯೆಯಿಂದ 3ನ್ನು ಭಾಗಿಸಿ. ಶೇ 95ರ ಭರವಸೆಯಿಂದ ಹೇಳಬಹುದಾದ ಅತಿ ಕೆಟ್ಟ ದರ ಅದು. 200 ಗುಂಡು ಸಲೀಸಾಗಿ ಹೋದರೂ ತಡೆಯ ದರ ಶೇ 1.5ರವರೆಗೆ ಇರಬಹುದು. 500 ಹೋದರೆ ಶೇ 0.6. 300 ಗುಂಡಿನ ಪಂದ್ಯವೊಂದರಲ್ಲಿ ಮೊದಲಿನ ದರಕ್ಕೆ ಸರಾಸರಿ ನಾಲ್ಕೈದು ತಡೆ, ಎರಡನೆಯದಕ್ಕೆ ಹೆಚ್ಚುಕಡಿಮೆ ಎರಡು. ‘ಎರಡು ಪೆಟ್ಟಿಗೆ ಹೊಡೆದೆ, ಚೆನ್ನಾಗಿದೆ’ ಎನ್ನುವವರ ಮಾತಿಗೆ ಇಷ್ಟೇ ಬೆಲೆ.

ತಡೆ ಹೇಳುವ ಕಥೆ

ಟ್ರಿಗರ್ ಒತ್ತಿದರೂ ಸಿಡಿಯದಿದ್ದರೆ ಮೂತಿಯನ್ನು ಗುರಿಯ ಕಡೆಗೇ ಹಿಡಿದು 30 ಸೆಕೆಂಡ್ ಕಾಯಿರಿ, ಆಮೇಲೆ ಹೊರತೆಗೆದು ಪ್ರೈಮರ್ ನೋಡಿ. ಪಿನ್ ಬಡಿದ ತಗ್ಗು ಆಳವಿಲ್ಲದೆ ಬರೀ ಚುಕ್ಕೆಯಂತಿದ್ದರೆ ಏಟಿಗೆ ಬಲ ಸಾಲದು: ಒಂದು ಹಂತ ಬಿಗಿಯಾದ ಹ್ಯಾಮರ್ ಸ್ಪ್ರಿಂಗ್ ಹಾಕಿ. ಸಿಡಿದ ಇಪ್ಪತ್ತು ಖಾಲಿ ಕೇಸುಗಳನ್ನು (ಕಾಡತೂಸಿನ ಲೋಹದ ಕವಚ) ಹೆಕ್ಕಿ ಪಕ್ಕದಲ್ಲಿಟ್ಟು ಹೋಲಿಸಿದರೆ ಇದು ಇನ್ನೂ ನಿಚ್ಚಳ. ತಗ್ಗುಗಳು ಒಂದೇ ಸಮ ಆಳವಾಗಿ ನಡುವೆಯೇ ಇದ್ದು ಒಂದು ಮಾತ್ರ ಸಿಡಿಯದಿದ್ದರೆ ತಪ್ಪು ಕಾಡತೂಸಿನದು. ಸದ್ದು ಮಾತ್ರ ‘ಪುಸ್’ ಎಂದು ಸಣ್ಣಗೆ ಬಂದರೆ ಇನ್ನೊಂದು ಗುಂಡು ಖಂಡಿತ ಹಾರಿಸಬೇಡಿ. ಬ್ಯಾರೆಲಿನಲ್ಲಿ ಗುಂಡು ಸಿಕ್ಕಿಕೊಂಡಿರಬಹುದು.

ಖಾಲಿ ಕೇಸು ಸ್ಲೈಡಿನಲ್ಲಿ ಚಿಮಣಿಯಂತೆ ನಿಂತರೆ ಅಥವಾ ಕಾಲ ಬುಡದಲ್ಲೇ ಬೀಳುತ್ತಿದ್ದರೆ ರಿಕಾಯಿಲ್ ಸ್ಪ್ರಿಂಗ್ ಆ ಕಾಡತೂಸಿಗೆ ಬಿಗಿ, ಇಲ್ಲವೇ ಹಿಡಿತ ಸಡಿಲ. ಎಲ್ಲೋ ದೂರ ಎಸೆಯುತ್ತಿದ್ದರೆ ಸ್ಪ್ರಿಂಗ್ ಹಗುರ. ಸ್ಲೈಡ್ ಕೊನೆಯ ಎರಡು ಮೂರು ಮಿಲಿಮೀಟರ್ ಮುಚ್ಚದೆ ನಿಂತರೆ ಚೇಂಬರ್ ಕೊಳೆ ಅಥವಾ ಕಾಡತೂಸಿನ ಆಕಾರ. ಮತ್ತೆ ಬ್ಯಾರೆಲ್ ಬಿಚ್ಚಿ ‘ಟಕ್’ ಪರೀಕ್ಷೆ ಮಾಡಿ. ಮೂರು ತಡೆಗಳೂ ಒಂದೇ ನಂಬರಿನ ಮ್ಯಾಗಜೀನಿನಲ್ಲಿ ಆಗಿದ್ದರೆ ಪಿಸ್ತೂಲನ್ನು ಮುಟ್ಟಲೇಬೇಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಸ್ಪ್ರಿಂಗ್ ಒಟ್ಟಿಗೆ ಬದಲಿಸಿದವರಿಗೆ ಯಾವುದರಿಂದ ಸರಿಹೋಯಿತೆಂದು ಎಂದೂ ತಿಳಿಯುವುದಿಲ್ಲ.

.22ರ ಮಾತು ಬೇರೆ

ಐಎಸ್‌ಎಸ್‌ಎಫ್‌ನ (ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ) 25 ಮೀಟರ್ ಪಿಸ್ತೂಲು ಸ್ಪರ್ಧೆಗೆ .22 ಲಾಂಗ್ ರೈಫಲ್ ಕಾಡತೂಸು, ಟ್ರಿಗರ್ ಕನಿಷ್ಠ 1000 ಗ್ರಾಂ. ಇಲ್ಲಿ ಎಲ್ಲರೂ ಕಾರ್ಖಾನೆಯದನ್ನೇ ಬಳಸುವುದರಿಂದ ಪಿಸ್ತೂಲುಗಳೂ ಅದಕ್ಕೇ ಹುಟ್ಟಿದವು, ಆದರೆ ಸ್ಟ್ಯಾಂಡರ್ಡ್ ವೆಲಾಸಿಟಿಗೆ. 40 ಗ್ರೇನ್ ಗುಂಡು, ಶಬ್ದದ ವೇಗಕ್ಕಿಂತ ತುಸು ಕಡಿಮೆ. ಹೈ ವೆಲಾಸಿಟಿ ಹಾಕಿದರೆ ಹಗುರವಾದ ಬೋಲ್ಟ್ ಹಿಂದಕ್ಕೆ ಬಡಿದು ಬಫರ್ (ಏಟು ತಾಳುವ ಮೆತ್ತೆ) ಬೇಗ ಹಾಳಾಗುತ್ತದೆ. ಗುಂಡಿನ ಮೇಲಿನ ಮೇಣ ಚೇಂಬರಿನಲ್ಲಿ ಕಟ್ಟುತ್ತದೆ. ಅದನ್ನು ತೆಗೆಯದಿದ್ದರೆ ಕಾಡತೂಸು ಪೂರ್ತಿ ಕೂರದೆ ಪಿನ್ನಿನ ಏಟು ಮೆತ್ತಗಾಗುತ್ತದೆ. ಮ್ಯಾಗಜೀನ್ ತುಂಬುವಾಗ ಪ್ರತಿ ಕಾಡತೂಸಿನ ರಿಮ್ (ತಳದ ಹೊರಚಾಚಿದ ಅಂಚು) ಕೆಳಗಿನದರ ರಿಮ್‌ಗಿಂತ ಮುಂದಿರಲಿ, ಹಿಂದೆ ಬಿದ್ದರೆ ಎರಡೂ ಕಚ್ಚಿಕೊಳ್ಳುತ್ತವೆ. ಖಾಲಿ ಪಿಸ್ತೂಲಿನಲ್ಲಿ ಟ್ರಿಗರ್ ಅಭ್ಯಾಸಕ್ಕೆ ಕಂಪನಿ ಒಪ್ಪುತ್ತದೆಯೇ ಎಂದು ಕೈಪಿಡಿಯಲ್ಲಿ ನೋಡಿಯೇ ಕೊಳ್ಳಿ. ಒಪ್ಪದ ಮಾದರಿಯಲ್ಲಿ ಪಿನ್ ಚೇಂಬರಿನ ಅಂಚಿಗೆ ಬಡಿದು ಏಳುವ ಸಣ್ಣ ಮುಳ್ಳೊಂದು ಸಾಕು, ಖಾಲಿ ಕೇಸು ಹೊರಬರಲು ಹಟ ಹಿಡಿಯುತ್ತದೆ.