ಏರಿನಲ್ಲಿ ಕಪ್ಪು ಹೊಗೆಯೇ? ಹಳೆಯ ಪಿಕಪ್‌ನ ಇಜಿಆರ್ ನೋಡಿ

ಜನವರಿ ತಿಂಗಳು, ಕೊಯ್ಲಿನ ಭರಾಟೆ. ಕಾಫಿ ಹಣ್ಣಿನ ಮೂಟೆ ಹೇರಿಕೊಂಡು ಕಣಕ್ಕೆ ಹೊರಟ ನಮ್ಮ ಹಳೆಯ ಡೀಸೆಲ್ ಪಿಕಪ್ ತೋಟದೊಳಗಿನ ಏರಿನಲ್ಲೇ ಏದುಸಿರು ಬಿಡತೊಡಗಿತು. ಹಿಂದೆ ತಿರುಗಿ ನೋಡಿದರೆ ಕಾಫಿ ಗಿಡ ಕಾಣದಷ್ಟು ಕಪ್ಪು ಹೊಗೆ. ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಹೋಗಿದೆ ಎಂದರು, ಬಿಚ್ಚಿಸಿ ಸರ್ವಿಸ್ ಮಾಡಿಸಿದೆವು. ದುಡ್ಡು ಹೋಯಿತು, ಹೊಗೆ ಹೋಗಲಿಲ್ಲ. ಕೊನೆಗೆ ನೋಡಿದರೆ ಇಜಿಆರ್ ವಾಲ್ವ್ ಮಸಿ ಕಟ್ಟಿ, ಅರ್ಧ ಬಾಯಿ ತೆರೆದೇ ಕಚ್ಚಿಕೊಂಡಿತ್ತು.

ಇಂಜಿನ್ನಿಂದ ಹೊರಬೀಳುವ ಹೊಗೆಯಲ್ಲಿ ಒಂದಿಷ್ಟನ್ನು ಮತ್ತೆ ಒಳಗೆಳೆಯುವ ಗಾಳಿಗೆ ಬೆರೆಸುವುದು ಇಜಿಆರ್ ಕೆಲಸ. ಸುಟ್ಟ ಹೊಗೆಯಲ್ಲಿ ಆಮ್ಲಜನಕ ಕಡಿಮೆ. ಹಾಗಾಗಿ ಸಿಲಿಂಡರ್ ಒಳಗಿನ ಉರಿಯ ಬಿಸಿ ತಗ್ಗಿ, ನೈಟ್ರೋಜನ್ ಆಕ್ಸೈಡ್ ಕಡಿಮೆ ಹುಟ್ಟುತ್ತದೆ. ಹಗುರ ಓಟದಲ್ಲಿ ವಾಲ್ವ್ ತೆರೆದಿರುತ್ತದೆ, ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಮುಚ್ಚಬೇಕು. ಸಂಪಾಜೆಯಿಂದ ಮಡಿಕೇರಿಗೆ ಲೋಡ್ ಹೊತ್ತು ಹತ್ತುವಾಗ ಇಂಜಿನ್ನಿಗೆ ಬೇಕಿರುವುದು ಗಾಳಿ, ಹೊಗೆಯಲ್ಲ. ಅಲ್ಲಿ ಕಪ್ಪು ಹೊಗೆ ಬಂದು ಎಳೆತ ಕುಂದಿದರೆ ಹೆಚ್ಚಾಗಿ ಒಂದೋ ವಾಲ್ವ್ ಮುಚ್ಚುತ್ತಿಲ್ಲ, ಇಲ್ಲವೇ ಗಾಳಿಯೇ ಸಾಲುತ್ತಿಲ್ಲ.

ನಮ್ಮ ಕಡೆಯ ಗಾಡಿಗಳಿಗೆ ಈ ಕಾಟ ಬೇಗ ತಗಲುತ್ತದೆ. ತೋಟದಿಂದ ಕಣಕ್ಕೆ, ಕಣದಿಂದ ಗೋಣಿಕೊಪ್ಪಕ್ಕೆ, ಹೆಚ್ಚೂಕಡಿಮೆ ಒಂದನೇ ಎರಡನೇ ಗೇರಿನಲ್ಲೇ ಓಡಾಟ. ಮಸಿಗೆ ಇಂಜಿನ್ ಆಯಿಲಿನ ಆವಿ ಸೇರಿ ಡಾಂಬರಿನಂಥ ಅಂಟಾಗುತ್ತದೆ.

ಮೊದಲು ಅಗ್ಗದ್ದನ್ನು ನೋಡಿ. ಏರ್ ಫಿಲ್ಟರ್ ತೆಗೆದು ಬಿಸಿಲಿಗೆ ಹಿಡಿಯಿರಿ, ಬೇಸಿಗೆಯಲ್ಲಿ ತೋಟದ ಮಣ್ಣು ರಸ್ತೆಯ ಧೂಳೆಲ್ಲ ಅದರಲ್ಲೇ ಇರುತ್ತದೆ. ಆಮೇಲೆ ಇಂಜಿನ್ನಿಗೆ ಗಾಳಿ ಒತ್ತಿ ಕೊಡುವ ಟರ್ಬೋದಿಂದ ಹೊರಟ ರಬ್ಬರ್ ಹೋಸ್‌ಗಳನ್ನು ಕೈಯಿಂದ ಸವರಿ. ಕ್ಲಾಂಪ್ ಬಳಿ ಎಣ್ಣೆ ಜಿನುಗಿದ್ದರೆ ಗಾಳಿ ಅಲ್ಲೇ ಸೋರುತ್ತಿರಬಹುದು. ಇವೆರಡು ಸರಿಯಿದ್ದರೆ ಮಾತ್ರ ಇಜಿಆರ್ ಕಡೆ ಹೋಗಿ.

ಹಳೆಯ ಪಿಕಪ್‌ಗಳಲ್ಲಿ ವಾಲ್ವನ್ನು ಎತ್ತುವುದು ವ್ಯಾಕ್ಯೂಮ್, ಅಂದರೆ ಪಂಪ್ ಗಾಳಿ ಹೀರಿದಾಗ ಹುಟ್ಟುವ ಎಳೆತ. ವಾಲ್ವಿನ ತಲೆಯ ಮೇಲೆ ತಟ್ಟೆಯಂಥ ಡಬ್ಬಿ, ಅದಕ್ಕೊಂದು ಸಣ್ಣ ರಬ್ಬರ್ ಪೈಪ್ ಇದ್ದರೆ ನಿಮ್ಮದು ಅದೇ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಗೇರ್ ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ಇಂಜಿನ್ ಚೆನ್ನಾಗಿ ಬಿಸಿಯಾಗಲಿ, ತಣ್ಣಗಿರುವಾಗ ಸಾಮಾನ್ಯವಾಗಿ ಇಜಿಆರ್ ಕೆಲಸವನ್ನೇ ಮಾಡುವುದಿಲ್ಲ. ಐಡ್ಲಿಂಗ್‌ನಲ್ಲಿ ಆ ಪೈಪ್ ಕಿತ್ತು ಪೈಪಿನ ಬಾಯಿಗೆ ಬೆರಳಿಡಿ. ಜರ್ಕಿನ್ನಿನ ತೋಳು ಬೆಲ್ಟಿನ ಹತ್ತಿರ ಸುಳಿಯದಿರಲಿ! ಬೆರಳನ್ನು ಒಳಗೆಳೆದಂತೆ ಆಗಬೇಕು. ಇನ್ನೊಬ್ಬರು ಒಳಗೆ ಕೂತು ಆಕ್ಸಿಲರೇಟರನ್ನು ಜೋರಾಗಿ ಒತ್ತಿದ ತಕ್ಷಣ ಆ ಎಳೆತ ಬಿಡಬೇಕು.

ಎಳೆತ ಬಿಡದಿದ್ದರೆ ವ್ಯಾಕ್ಯೂಮ್ ಕೊಡುವ ಸಾಲನಾಯ್ಡ್ (ಕರೆಂಟಿನಿಂದ ತೆರೆದು ಮುಚ್ಚುವ ಪುಟ್ಟ ವಾಲ್ವ್), ಅಥವಾ ಅದಕ್ಕೆ ಬರುವ ಕರೆಂಟಿನ ಮೇಲೆ ಅನುಮಾನ. ಎಳೆತವೇ ಇಲ್ಲದಿದ್ದರೆ ಪೈಪನ್ನು ಕೊನೆಯವರೆಗೆ ಹಿಂಬಾಲಿಸಿ: ಇಲಿ ಕಡಿದಿರಬಹುದು, ಬಿಸಿಗೆ ಸೀಳಿರಬಹುದು. ಮಳೆಗಾಲ ಕಳೆದ ಮೇಲಾದರೆ ಸಾಲನಾಯ್ಡಿನ ಕನೆಕ್ಟರ್ ಬಿಚ್ಚಿ ನೋಡಿ, ಪಿನ್ನಿನ ಮೇಲೆ ಹಸಿರು ಕಿಲುಬು ಸಿಕ್ಕರೆ ಆಶ್ಚರ್ಯವಿಲ್ಲ. ಬ್ರೇಕಿಗೆ ನೆರವಾಗುವುದೂ ಇದೇ ವ್ಯಾಕ್ಯೂಮ್, ಹಾಗಾಗಿ ಬ್ರೇಕ್ ಪೆಡಲ್ಲೂ ಗಟ್ಟಿಯಾಗಿದ್ದರೆ ವ್ಯಾಕ್ಯೂಮ್ ಪಂಪನ್ನೇ ನೋಡಬೇಕು, ಅಂಥ ಗಾಡಿಯನ್ನು ಘಾಟಿಗೆ ಇಳಿಸಬೇಡಿ.

ನನಗೆ ಅತಿ ಉಪಯೋಗಕ್ಕೆ ಬಂದ ಪರೀಕ್ಷೆ ಇದು. ವಾಲ್ವಿನ ಪೈಪ್ ಕಿತ್ತು, ಅದರ ಬಾಯಿಗೆ ಬೋಲ್ಟ್ ಸಿಕ್ಕಿಸಿ ಬಂದ್ ಮಾಡಿ, ಅದೇ ಲೋಡಿನಲ್ಲಿ ಅದೇ ಏರು ಹತ್ತಿಸಿ. ಹೊಗೆ ಇಳಿದರೆ ವಾಲ್ವ್ ಸರಿಯಿದೆ, ಅದಕ್ಕೆ ಹೊತ್ತಲ್ಲದ ಹೊತ್ತಿನಲ್ಲಿ ವ್ಯಾಕ್ಯೂಮ್ ಹೋಗುತ್ತಿದೆ. ಏನೂ ಬದಲಾಗದಿದ್ದರೆ ವಾಲ್ವೇ ಕಚ್ಚಿಕೊಂಡಿರಬಹುದು, ಬಿಚ್ಚಿ ನೋಡದೆ ವಿಧಿಯಿಲ್ಲ.

ಇಂಜಿನ್ ಪೂರ್ತಿ ತಣಿದ ಮೇಲೆ ಬಿಚ್ಚಿ. ಮಸಿಯನ್ನು ಪ್ಲಾಸ್ಟಿಕ್ ಚೂರಿನಿಂದ ಕೆರೆದು ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ ಹೊಡೆಯಿರಿ. ಡಯಾಫ್ರಾಮ್ (ವಾಲ್ವನ್ನು ಎತ್ತುವ ರಬ್ಬರ್ ಪೊರೆ) ಇರುವ ಡಬ್ಬಿಗೆ ಸ್ಪ್ರೇ ತಾಗಬಾರದು, ಮಸಿಯ ಹೆಕ್ಕಳಿಕೆ ಇಂಜಿನ್ ಕಡೆಯ ತೂತಿಗೆ ಬೀಳಬಾರದು. ತೊಳೆದ ಮೇಲೆ ವಾಲ್ವ್ ಕೂರುವ ಜಾಗಕ್ಕೆ ಒಂದಿಷ್ಟು ಸೀಮೆಎಣ್ಣೆಯನ್ನೋ ಡೀಸೆಲನ್ನೋ ಹುಯ್ಯಿರಿ. ಅದು ಕೆಳಗೆ ಸೋರಿದರೆ ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ ಎಂದರ್ಥ. ಕೈಪಂಪಿನಿಂದ ವ್ಯಾಕ್ಯೂಮ್ ಕೊಟ್ಟಾಗ ಕಡ್ಡಿ ಎದ್ದು ನಿಲ್ಲಬೇಕು, ಎದ್ದ ಕೂಡಲೇ ಬಿದ್ದರೆ ಡಯಾಫ್ರಾಮ್ ಹರಿದಿದೆ. ಜೋಡಿಸುವಾಗ ಗ್ಯಾಸ್ಕೆಟ್ ಹೊಸದೇ ಹಾಕಿ.

ವಾಲ್ವ್ ಮುಚ್ಚಿಯೇ ಕಚ್ಚಿಕೊಂಡರೆ ಗಾಡಿ ಚೆನ್ನಾಗಿಯೇ ಎಳೆಯುತ್ತದೆ, ಕೆಲವೊಮ್ಮೆ ಇಂಜಿನ್ ಸದ್ದು ತುಸು ಒರಟಾಗುತ್ತದೆ ಅಷ್ಟೆ. ಹಾಗಾಗಿ ಚೆಕ್ ಲೈಟ್ ಹತ್ತುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ಸ್ಕ್ಯಾನರ್ ಹಾಕಿದಾಗ ಪಿ 0401 ಬಂದರೆ ಹರಿವು ಕಡಿಮೆ, ಪಿ 0402 ಬಂದರೆ ಹೆಚ್ಚು, ಪಿ 0403 ಬಂದರೆ ವೈರಿಂಗ್ ಕಡೆಯ ದೋಷ. ಕೋಡ್ ಬಂದ ಮಾತ್ರಕ್ಕೆ ಹೊಸ ವಾಲ್ವ್ ಕೊಳ್ಳಬೇಡಿ. ಅನೇಕ ಡೀಸೆಲ್ ಇಂಜಿನ್‌ಗಳಲ್ಲಿ ಕಂಪ್ಯೂಟರ್ ಈ ಹರಿವನ್ನು ಅಂದಾಜು ಮಾಡುವುದು ಒಳಗೆ ಹೋಗುವ ಗಾಳಿ ಅಳೆಯುವ ಏರ್‌ಫ್ಲೋ ಸೆನ್ಸರ್ ನೋಡಿಕೊಂಡು. ಅದು ಕೊಳೆಯಾಗಿದ್ದರೂ ಇದೇ ಕೋಡ್ ಬರಬಹುದು. ಬಿಳಿ ಹೊಗೆ ಬಂದು ರೇಡಿಯೇಟರಿನ ಕೂಲಂಟ್ ಕಾರಣವಿಲ್ಲದೆ ಇಳಿಯುತ್ತಿದ್ದರೆ, ಮರಳುವ ಹೊಗೆಯನ್ನು ಕೂಲಂಟಿನಿಂದ ತಣಿಸುವ ಇಜಿಆರ್ ಕೂಲರ್ ಒಡೆದಿರುವ ಸಾಧ್ಯತೆ ಇದೆ. ಅದು ಗ್ಯಾರೇಜಿನ ಕೆಲಸ.

‘ಒಂದು ತಗಡು ಕೊಟ್ಟು ಬಂದ್ ಮಾಡಿಬಿಡೋಣ ಸಾರ್’ ಎನ್ನುವವರು ಎಲ್ಲ ಊರಲ್ಲೂ ಇದ್ದಾರೆ. ಕಪ್ಪು ಹೊಗೆ ನಿಲ್ಲುವುದೂ ನಿಜ. ಡೀಸೆಲ್ ಗಾಡಿಯ ಹೊಗೆ ತಪಾಸಣೆಯಲ್ಲಿ ಅಳೆಯುವುದು ಹೊಗೆಯ ದಟ್ಟಣೆಯನ್ನು, ಆದ್ದರಿಂದ ಅಲ್ಲಿ ಸಿಕ್ಕಿಬೀಳುವುದೂ ಇಲ್ಲ. ಆದರೆ ಕಣ್ಣಿಗೆ ಕಾಣದ ನೈಟ್ರೋಜನ್ ಆಕ್ಸೈಡ್ ಹೆಚ್ಚುತ್ತದೆ, ಕಂಪ್ಯೂಟರ್ ಇರುವ ಗಾಡಿಯಲ್ಲಿ ಚೆಕ್ ಲೈಟ್ ಆರುವುದಿಲ್ಲ. ನಾನು ತಗಡು ಬೇಡ ಎಂದೆ. ತೊಳೆದು ಕೂರಿಸಿದ ದಿನ ಮೊದಲ ಏರಿನಲ್ಲಿ ಒಂದು ಉಂಡೆ ಮಸಿ ಉಗುಳಿ, ಆಮೇಲೆ ಪಿಕಪ್ ಎರಡನೇ ಗೇರಿನಲ್ಲೇ ಕಣ ಮುಟ್ಟಿತು.